ಸೂರ್ಯ ಒಂದು ದಿನ ಹಿಂದಕ್ಕೆ ತಿರುಗಿದ್ದು

ಎಂ.ಎಸ್ಸಿ. ಎರಡನೆಯ ವರ್ಷಕ್ಕೆ ಬಂದಾಗ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ತರಬೇತಿಯ ಪಟ್ಟಿ ಬಿತ್ತು. ಖಗೋಳ ವಿಜ್ಞಾನ ತೆಗೆದುಕೊಂಡಿದ್ದ ನಾವು ಏಳು ಜನ ಆರು ವಾರ ಯಾವುದಾದರೊಂದು ವೀಕ್ಷಣಾಲಯದಲ್ಲಿ ಕೆಲಸ ಕಲಿಯಬೇಕಿತ್ತು. ಕೆಲಸ ನಡೆಯುತ್ತಿರುವ ವೀಕ್ಷಣಾಲಯವೇ ಆಗಿರಬೇಕು ಎಂದು ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಾಗೆ ಬರೆಯಬೇಕಾಗಿ ಬಂದ ಹಿನ್ನೆಲೆ ಏನೋ ನಮಗೆ ಯಾರೂ ಹೇಳಲಿಲ್ಲ.

ಪಟ್ಟಿ ಬೀಳುವ ಮೊದಲೇ ನಾನು ಚಿಕ್ಕಪ್ಪನ ಮನೆಯಿಂದ ಒಂದು ದಪ್ಪ ಸ್ವೆಟರು, ಒಂದು ಮಂಕಿ ಕ್ಯಾಪು ತಂದಿಟ್ಟುಕೊಂಡಿದ್ದೆ. ದೊಡ್ಡ ದೂರದರ್ಶಕಗಳೆಲ್ಲ ಬೆಟ್ಟದ ತುದಿಯಲ್ಲಿರುತ್ತವೆ, ಅಲ್ಲಿ ವಿಪರೀತ ಚಳಿ ಎಂದು ಓದಿದ್ದೆ. ನನ್ನ ಕಲ್ಪನೆಯಲ್ಲಿ ನಾನು ಆ ಮಂಕಿ ಕ್ಯಾಪಿನಲ್ಲೇ ಒಂದು ಹೊಸ ಗೆಲಾಕ್ಸಿಯನ್ನು ಕಂಡುಹಿಡಿದಾಗಿತ್ತು. ಪಟ್ಟಿ ನೋಡಿದರೆ ಮೊದಲ ಮೂರು ರ್‍ಯಾಂಕಿನವರಿಗೆ ಬೆಟ್ಟ ಸಿಕ್ಕಿತ್ತು, ನನಗೆ ಗೊಟ್ಟಿಗೆರೆ ಸಿಕ್ಕಿತ್ತು.

ಬೆಂಗಳೂರಿನ ಅಂಚಿನ ಗೊಟ್ಟಿಗೆರೆ ದಾಟಿ ಸ್ವಲ್ಪ ದೂರದಲ್ಲಿ, ಒಂದು ಬಂಡೆಗುಡ್ಡದ ಮೇಲೆ, ಸೂರ್ಯನನ್ನು ಮಾತ್ರ ನೋಡುವ ಸಣ್ಣ ಕೇಂದ್ರವೊಂದಿತ್ತು. ನಾನು ಮುಖ ಸಪ್ಪಗೆ ಮಾಡಿಕೊಂಡು ವಿಭಾಗದ ಮುಖ್ಯಸ್ಥರ ಕೊಠಡಿಗೆ ಹೋದೆ.

"ಸಾರ್, ನನಗೆ ನಕ್ಷತ್ರಗಳ ಮೇಲೆ ಕೆಲಸ ಮಾಡೋ ಆಸೆ ಇತ್ತು."

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಸೂರ್ಯ ಏನಮ್ಮ ಮತ್ತೆ? ಅದೂ ನಕ್ಷತ್ರಾನೇ. ಇರೋದ್ರಲ್ಲೆಲ್ಲಾ ಹತ್ತಿರದ್ದು. ನಿಮ್ಮನೆ ಇಟ್ಟಮಡು ಅಲ್ವಾ? ಬನಶಂಕರಿಯಿಂದ ನೇರ ಬಸ್ಸಿದೆ."

ನಕ್ಷತ್ರವನ್ನೂ ಬಸ್ ರೂಟನ್ನೂ ಒಂದೇ ಉಸಿರಿನಲ್ಲಿ ಮುಗಿಸಿ ಅವರು ಫೈಲಿಗೆ ತಲೆ ಬಗ್ಗಿಸಿದರು. ಸ್ವೆಟರು ಚಿಕ್ಕಪ್ಪನ ಮನೆಗೆ ವಾಪಸು ಹೋಯಿತು.

ನನ್ನ ಜೊತೆ ಅದೇ ಕೇಂದ್ರಕ್ಕೆ ಬಿದ್ದವನು ನನ್ನ ಸಹಪಾಠಿ, ಬಿಟಿಎಂ ಲೇಔಟಿನವನು. ಅವನಿಗೆ ಬೆಟ್ಟವಾದರೂ ಒಂದೇ, ಬಂಡೆಯಾದರೂ ಒಂದೇ. "ಮಗಾ, ಸರ್ಟಿಫಿಕೇಟ್ ಮೇಲೆ ಅಬ್ಸರ್ವೇಟರಿ ಅಂತ ಇರತ್ತೆ ತಾನೆ? ಹಗಲು ಡ್ಯೂಟಿ ಬೇರೆ. ಸಖತ್ ಆಯ್ತು" ಎಂದು ಅವನು ಅವತ್ತೇ ತನ್ನ ಪ್ರೊಫೈಲಿನಲ್ಲಿ 'ಸೌರ ಸಂಶೋಧಕ' ಎಂದು ಬರೆದುಕೊಂಡ. ಕೇಂದ್ರದ ಗೇಟನ್ನೂ ಆಗ ಅವನು ನೋಡಿರಲಿಲ್ಲ.

ಮೊದಲ ದಿನ ಕೇಂದ್ರದ ಮುಖ್ಯಸ್ಥರು ನಮ್ಮನ್ನು ಒಂದು ಎ.ಸಿ. ಕೋಣೆಯಲ್ಲಿ ಕೂರಿಸಿದರು. ಎಲ್ಲರೂ ಅವರನ್ನು ಇನ್‌ಚಾರ್ಜ್ ಸಾರ್ ಎಂದೇ ಕರೆಯುತ್ತಿದ್ದರು. ಇಸ್ತ್ರಿ ಮಾಡಿದ ಅರೆತೋಳಿನ ಅಂಗಿ, ಕತ್ತಿನಲ್ಲಿ ಐಡಿ ಕಾರ್ಡು, ಅಂಗೈಯಲ್ಲಿ ಸ್ಲೈಡು ಬದಲಿಸುವ ಸಣ್ಣ ರಿಮೋಟು. ಎರಡು ಗಂಟೆ ಅವರು ಕಪ್ಪುಕುಳಿ, ಸ್ಫೋಟಗೊಳ್ಳುವ ನಕ್ಷತ್ರ, ದೂರದ ಗೆಲಾಕ್ಸಿಗಳ ಬಣ್ಣಬಣ್ಣದ ಚಿತ್ರ ತೋರಿಸಿದರು. ನನಗೆ ಮೈ ಜುಂ ಎಂದಿತು. ಈ ಕೇಂದ್ರದಲ್ಲಿ ಅವ್ಯಾವುದನ್ನೂ ನೋಡುವುದಿಲ್ಲ ಎಂಬ ವಿಷಯ ಮಾತ್ರ ಕೊನೆಯ ಸ್ಲೈಡಿನಲ್ಲೂ ಬರಲಿಲ್ಲ. ಆಮೇಲೆ ಒಂದು ಫಾರಂಗೆ ಸಹಿ ಹಾಕಿಸಿಕೊಂಡರು. ಅದರ ಮೂರನೆಯ ಸಾಲಿನಲ್ಲಿ, ತರಬೇತಿಗೆ ಬಂದವರು ಯಾವುದೇ ಉಪಕರಣವನ್ನು ಮುಟ್ಟಕೂಡದು ಎಂದಿತ್ತು.

"ಮುಟ್ಟದೇ ಹೇಗೆ ಕಲಿಯೋದು ಸಾರ್?" ಎಂದೆ.

"ಮೇಲೆ ಮೇಡಂ ಇದಾರೆ, ಅವರು ನೋಡ್ಕೋತಾರೆ" ಎಂದರು.

ನನ್ನ ಸಹಪಾಠಿಯನ್ನು ಕೆಳಗೆ ಕಂಪ್ಯೂಟರ್ ಕೋಣೆಯಲ್ಲಿ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಲು ಕೂರಿಸಿದರು. ನಾನು ಗೋಡೆಗೆ ಅಂಟಿದಂತಿದ್ದ ಕಬ್ಬಿಣದ ಸುತ್ತುಮೆಟ್ಟಿಲು ಹತ್ತಿ ಮೇಲಿನ ಗುಮ್ಮಟಕ್ಕೆ ಹೋದೆ. ಅಲ್ಲೊಬ್ಬ ಹೆಂಗಸು ನೆಲದ ಮೇಲೆ ಕೂತು ಬ್ಲೇಡಿನಲ್ಲಿ ಪೆನ್ಸಿಲು ಚೂಪು ಮಾಡುತ್ತಿದ್ದರು. ಹಣೆಯಲ್ಲಿ ವಿಭೂತಿ, ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಚಿತ್ರದುರ್ಗದ ಕಡೆಯವರು. ಮದುವೆಗೆ ಮೊದಲೇ ಈ ಕೆಲಸಕ್ಕೆ ಬಂದವರಿಗೆ ಈಗ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಷ್ಟೂ ವರ್ಷ ಅವರು ಮಾಡುತ್ತಿದ್ದ ಕೆಲಸ ಒಂದೇ: ದಿನಾ ಬೆಳಿಗ್ಗೆ ಸೂರ್ಯನ ಚಿತ್ರ ಬರೆಯುವುದು.

ಸೂರ್ಯನ ಮೇಲೆ ಕಪ್ಪು ಚುಕ್ಕೆಗಳೇಳುತ್ತವೆ, ಬೆಳೆಯುತ್ತವೆ, ಮಾಯವಾಗುತ್ತವೆ. ಅಲ್ಲಿದ್ದ ಹಳೆಯ ದೂರದರ್ಶಕ ಸೂರ್ಯನ ಬಿಂಬವನ್ನು ಒಂದು ಹಲಗೆಗೆ ಸಿಕ್ಕಿಸಿದ ಬಿಳಿ ಹಾಳೆಯ ಮೇಲೆ ಬೀಳಿಸುತ್ತಿತ್ತು. ಸಣ್ಣ ಊಟದ ತಟ್ಟೆಯಷ್ಟು ದೊಡ್ಡ ಬಿಂಬ. ಹಾಳೆಯಲ್ಲಿ ಅದೇ ಅಳತೆಯ ಒಂದು ವೃತ್ತ ಮೊದಲೇ ಅಚ್ಚಾಗಿರುತ್ತಿತ್ತು. ಬಿಂಬವನ್ನು ವೃತ್ತಕ್ಕೆ ಕೂರಿಸಿ, ಚುಕ್ಕೆ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಲ್ಲೇ ಪೆನ್ಸಿಲಿನಿಂದ ಗುರುತಿಸಬೇಕು. ಬದಿಯಲ್ಲಿ ಸಮಯ, ಆಕಾಶದ ಸ್ಥಿತಿ, ಚುಕ್ಕೆಗಳ ಎಣಿಕೆ, ಕೆಳಗೆ ನೋಡಿದವರ ಸಹಿ. ಹಾಳೆಯನ್ನು ಒಂದು ದಪ್ಪ ರಿಜಿಸ್ಟರಿನೊಳಗೆ ಸೇರಿಸಿದರೆ ಆ ದಿನ ಮುಗಿಯಿತು. ಅಂಥ ರಿಜಿಸ್ಟರುಗಳು ಗೋಡೆಯುದ್ದಕ್ಕೂ ಇದ್ದವು.

"ಇದನ್ನ ಕ್ಯಾಮೆರಾದಲ್ಲಿ ತೆಗೆಯಲ್ವಾ ಮೇಡಂ?" ಎಂದು ಕೇಳಿದೆ.

"ತೆಗೀತಾರೆ. ಮೇಲೆ ಸ್ಯಾಟಲೈಟ್‌ಗಳೂ ತೆಗೀತವೆ. ಆದ್ರೆ ನೂರು ವರ್ಷದ ಹಿಂದಿನೋರು ಹಿಂಗೇ ಕೈಯಲ್ಲಿ ಬರೆದಿದ್ದು. ಅವರದ್ದಕ್ಕೆ ನಮ್ಮದನ್ನ ಹೋಲಿಸಬೇಕು ಅಂದ್ರೆ ನಾವೂ ಕೈಯಲ್ಲೇ ಬರೀಬೇಕು ಕಣವ್ವ."

ಉಪಕರಣ ಮುಟ್ಟಬಾರದು ಎಂಬ ಫಾರಂ ವಿಷಯ ಹೇಳಿದೆ. ಅವರು ಚೂಪು ಮಾಡಿದ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು, "ಇದು ಉಪಕರಣ ಅಲ್ಲ. ಇದರಿಂದ ಶುರು ಮಾಡು" ಎಂದರು.

ಒಂದು ವಾರ ಬರೀ ಪೆನ್ಸಿಲು ಚೂಪು ಮಾಡಿದೆ, ಹಾಳೆ ಸಿಕ್ಕಿಸಿದೆ, ದಿಕ್ಕಿನ ಗೆರೆ ಎಳೆದೆ. ದೂರದರ್ಶಕ ಸೂರ್ಯನ ಹಿಂದೆ ತಾನೇ ತಿರುಗಲು ಒಂದು ಮೋಟಾರು ಇತ್ತು. ಅದನ್ನು ನಿಲ್ಲಿಸಿದರೆ ಬಿಂಬ ಹಾಳೆಯ ಮೇಲೆ ತಾನಾಗಿ ಜರುಗುತ್ತದೆ. ಅದು ಜರುಗಿದ ಕಡೆಯೇ ಪಶ್ಚಿಮ. ಹಾಳೆಯ ಮೇಲೆ ಬೀಳುವ ಬಿಂಬ ಕನ್ನಡಿಯೊಳಗಿನಂತೆ ಎಡಬಲ ಅದಲುಬದಲಾಗಿರುತ್ತದೆ. ಹೀಗಾಗಿ ನಮ್ಮ ಹಾಳೆಗಳಲ್ಲಿ ಪಶ್ಚಿಮ ಎಡಕ್ಕೆ, ಪೂರ್ವ ಬಲಕ್ಕೆ. ಮೇಡಂ ಇದನ್ನು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ. ಪರೀಕ್ಷೆಗೆ ಓದಿ ಪಾಸಾದವರಿಗೆ ತಲೆಯಾಡಿಸುವುದು ಚೆನ್ನಾಗಿ ಬರುತ್ತದೆ.

ಎರಡನೆಯ ವಾರ ಚುಕ್ಕೆ ಬರೆಯಲು ಬಿಟ್ಟರು. ನಾನು ಪುಸ್ತಕದಲ್ಲಿ ನೋಡಿದ್ದ ಹಾಗೆ, ನಡುವೆ ಕಡುಗಪ್ಪು, ಸುತ್ತ ಎಸಳೆಸಳಾದ ಬೂದು ಅಂಚು ಹಾಕಿ ಅಂದವಾದ ಸೂರ್ಯಕಾಂತಿ ಹೂವೊಂದನ್ನು ಬರೆದೆ. ಮೇಡಂ ರಬ್ಬರು ಚಾಚಿದರು.

"ನಿಂಗೆ ಆ ಎಸಳು ಕಾಣ್ತಾ?"

"ಇರತ್ತೆ ಮೇಡಂ, ಪುಸ್ತಕದಲ್ಲಿದೆ."

"ಇರತ್ತೆ ಅಂತ ನಂಗೂ ಗೊತ್ತು. ಕಾಣ್ತಾ ಅಂತ ಕೇಳಿದ್ದು. ಗೊತ್ತಿರೋದನ್ನ ಬರೀಬೇಡ, ಕಂಡಿದ್ದನ್ನ ಬರಿ."

ಅಳಿಸಿದೆ. ಉಳಿದದ್ದು ಒಂದು ಕಪ್ಪು ಬೊಟ್ಟು. ನಾಲ್ಕು ವರ್ಷ ಭೌತವಿಜ್ಞಾನ ಓದಿದ್ದರ ಫಲ ಹಾಳೆಯ ಮೇಲೆ ಒಂದು ಸಾಸಿವೆಕಾಳಿನಷ್ಟಿತ್ತು.

ಕೇಂದ್ರ ಕಟ್ಟಿದ ಕಾಲಕ್ಕೆ ಸುತ್ತ ರಾಗಿ ಹೊಲಗಳಿದ್ದವಂತೆ. ಈಗ ಪೂರ್ವಕ್ಕೆ ಒಂದು ದೊಡ್ಡ ಅಪಾರ್ಟ್‌ಮೆಂಟು ಎದ್ದು ನಿಂತಿತ್ತು. ಪಂಚಾಂಗದ ಪ್ರಕಾರ ಸೂರ್ಯೋದಯ ಆರು ಗಂಟೆಗಾದರೆ, ನಮ್ಮ ಕೇಂದ್ರದಲ್ಲಿ ಆಗುತ್ತಿದ್ದದ್ದು ಎಂಟೂಮುಕ್ಕಾಲಿಗೆ, ಆ ಕಟ್ಟಡದ ನೀರಿನ ಟ್ಯಾಂಕಿನ ಹಿಂದಿನಿಂದ. ಇನ್‌ಚಾರ್ಜ್ ಸಾರ್ ಆ ಬಗ್ಗೆ ಮೇಲಿನವರಿಗೆ ಪತ್ರ ಬರೆದಿದ್ದರು. ಅದಕ್ಕೆ ಬಂದ ಉತ್ತರವನ್ನು ಮೇಡಂ ನನಗೆ ತೋರಿಸಿದರು: ವೀಕ್ಷಣೆಯ ವೇಳೆಯನ್ನು ಸೂಕ್ತವಾಗಿ ಬದಲಿಸಿಕೊಳ್ಳತಕ್ಕದ್ದು. ಸದ್ಯ, ಸೂರ್ಯನ ಪಥ ಬದಲಿಸಿ ಎಂದು ಬರೆದಿರಲಿಲ್ಲ.

ಮನೆಯಲ್ಲಿ ನನ್ನ ತರಬೇತಿಯನ್ನು ನಿಜವಾಗಿ ಗಂಭೀರವಾಗಿ ತೆಗೆದುಕೊಂಡವರು ಮಹಡಿ ಮನೆಯ ಆಂಟಿ. ಬೇಸಿಗೆಯಲ್ಲಿ ಮಗಳ ಬಾಣಂತನ ಇದ್ದದ್ದರಿಂದ ಅವರ ಅರಳು ಸಂಡಿಗೆ ಜೂನ್ ತಿಂಗಳಿಗೆ ಬಿದ್ದಿತ್ತು. ನಾನು ಬಸ್ಸಿಗೆ ಹೊರಡುವಾಗ ದಿನಾ ಮೇಲಿನಿಂದ ಕೂಗುತ್ತಿದ್ದರು. "ಏನಮ್ಮ, ಇವತ್ತು ನಿಮ್ಮ ಸೂರ್ಯ ಬರ್ತಾನಾ? ಹಿಟ್ಟು ಕಲಸ್ಲಾ?"

"ಅದು ಹವಾಮಾನದವರು ಹೇಳೋದು ಆಂಟಿ. ನಾವು ಚುಕ್ಕೆ ನೋಡೋರು."

"ಮೋಡ ಬಂದ್ರೆ ಚುಕ್ಕೆ ಹೆಂಗೆ ನೋಡ್ತೀರಾ?"

ಅವರು ಆಕಾಶ ನೋಡಿ, ಗಾಳಿ ಮೂಸಿ, "ಹನ್ನೊಂದಕ್ಕೆ ಬಿಡತ್ತೆ ಬಿಡು" ಎನ್ನುತ್ತಿದ್ದರು. ಹನ್ನೊಂದಕ್ಕೆ ಬಿಡುತ್ತಿತ್ತು.

ಮೂರನೆಯ ವಾರ ಮಾತ್ರ ಬಿಡಲೇ ಇಲ್ಲ. ಬೆಂಗಳೂರಿನ ಆಕಾಶಕ್ಕೆ ಯಾರೋ ಒದ್ದೆ ಕಂಬಳಿ ಹೊದಿಸಿದ್ದರು. ಮೂರು ದಿನ ಸಾಲಾಗಿ ಹಾಳೆಯ ಮೇಲೆ ಮೇಡಂ "ಮೋಡ. ನೋಡಿಲ್ಲ." ಎಂದು ಬರೆದು ಸಹಿ ಹಾಕಿ ರಿಜಿಸ್ಟರಿಗೆ ಸೇರಿಸಿದರು. ಅದೇ ಸಮಯಕ್ಕೆ ದೆಹಲಿಯಿಂದ ಪರಿಶೀಲನಾ ಸಮಿತಿ ಬರುವ ಸುದ್ದಿ ಬಂತು. ಕೇಂದ್ರವನ್ನು ಮುಂದುವರಿಸಬೇಕೋ ಬೇಡವೋ ಎಂದು ಅವರು ವರದಿ ಬರೆಯುವವರಿದ್ದರು. ಇನ್‌ಚಾರ್ಜ್ ಸಾರ್ ಮೊದಲ ಬಾರಿಗೆ ಸುತ್ತುಮೆಟ್ಟಿಲು ಹತ್ತಿ ಗುಮ್ಮಟಕ್ಕೆ ಬಂದರು. ಏದುಸಿರು ಬಿಡುತ್ತಾ ರಿಜಿಸ್ಟರು ತಿರುವಿದರು.

"ಏನ್ ಮೇಡಂ ಇದು, ಮೋಡ, ಮೋಡ, ಮೋಡ. ಸಮಿತಿಯೋರು ನೋಡಿದ್ರೆ ಕೆಲಸಾನೇ ಮಾಡ್ತಿಲ್ಲ ಅನ್ಕೋತಾರೆ."

"ಮೋಡ ಇತ್ತು ಸಾರ್."

"ಇತ್ತು, ಸರಿ. ಸ್ವಲ್ಪ ಪಾಸಿಟಿವ್ ಆಗಿ ಬರೀರಿ."

ಮೋಡವನ್ನು ಪಾಸಿಟಿವ್ ಆಗಿ ಬರೆಯುವುದು ಹೇಗೆಂದು ಅವರು ಹೇಳದೆ ಇಳಿದು ಹೋದರು.

ನಾಲ್ಕನೆಯ ದಿನ ಬಿಸಿಲು ಬಂತು. ಮೇಡಂ ಚಿತ್ರ ಬರೆದರು. ಹಾಳೆಯ ಬಲ ಅಂಚಿನಲ್ಲಿ, ಆಗಷ್ಟೇ ಈಚೆ ಬಂದ ದೊಡ್ಡ ಚುಕ್ಕೆಗಳ ಒಂದು ಗುಂಪು ಇತ್ತು. "ಇವ್ನು ದೊಡ್ಡೋನು. ಇನ್ನು ಹದಿಮೂರು ದಿನ ಇರ್ತಾನೆ, ಈ ಕಡೆಯಿಂದ ಆ ಕಡೆಗೆ ಹೋಗೋವರೆಗೂ" ಎಂದರು. ಮಾರನೆಯ ದಿನ ಅವರ ತಂಗಿಯ ಮಗಳ ಮದುವೆ. ರಜೆ ಹಾಕಿ ಹೊರಟರು. ಹೋಗುವಾಗ, "ನಾಳೆ ನೀನೇ ಬರಿ. ಕೈ ಕೂತಿದೆ" ಎಂದರು. ನನಗೆ ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದರೆ ಜಿಟಿಜಿಟಿ ಮಳೆ.

ಹನ್ನೊಂದಾಯಿತು, ಹನ್ನೆರಡಾಯಿತು. ಗುಮ್ಮಟದ ಬಾಗಿಲು ಮುಚ್ಚಿಕೊಂಡು ನಾನು ಖಾಲಿ ಹಾಳೆಯ ಮುಂದೆ ಕೂತಿದ್ದೆ. ನನ್ನ ಹೆಸರಿನಲ್ಲಿ ರಿಜಿಸ್ಟರಿಗೆ ಸೇರುವ ಮೊದಲ ಪುಟ. ಅದರ ಮೇಲೆ "ಮೋಡ. ನೋಡಿಲ್ಲ." ಎಂದು ಬರೆಯಲು ಮನಸ್ಸೇ ಬರಲಿಲ್ಲ. ಸಹಪಾಠಿ ಟೀ ಲೋಟ ಹಿಡಿದು ಮೇಲೆ ಬಂದ.

"ಏನ್ ಗುರು, ಸಾವಿನ ಮನೆ ತರ ಕೂತಿದೀಯ?"

ವಿಷಯ ಹೇಳಿದೆ. ಅವನು ಮೊಬೈಲು ತೆಗೆದು ನನ್ನ ಮುಖಕ್ಕೆ ಹಿಡಿದ. ಬಾಹ್ಯಾಕಾಶದಲ್ಲಿರುವ ದೂರದರ್ಶಕವೊಂದು ಅವತ್ತೇ ಬೆಳಿಗ್ಗೆ ತೆಗೆದ ಸೂರ್ಯನ ಚಿತ್ರ ಅದರಲ್ಲಿತ್ತು. ಚುಕ್ಕೆಗಳು ಗಾಜಿನಷ್ಟು ಸ್ಪಷ್ಟ.

"ಕಾಪಿ ಹೊಡಿ ಮಗಾ. ಅದೇ ಸೂರ್ಯ, ಅದೇ ದಿನ. ಇದ್ರಲ್ಲಿ ಸುಳ್ಳೇನಿದೆ?"

ಅವನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಆಸೆ ಆಗ ನನಗಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಎಸಳು ಹಾಕಲಿಲ್ಲ, ಅಷ್ಟು ಬುದ್ಧಿ ಇತ್ತು. ಸಮಯದ ಜಾಗದಲ್ಲಿ ಹನ್ನೊಂದೂವರೆ, ಆಕಾಶದ ಜಾಗದಲ್ಲಿ "ಮೋಡದ ನಡುವೆ ಸ್ವಲ್ಪ ಹೊತ್ತು ಬಿಸಿಲು" ಎಂದು ತುಂಬಿ ಸಹಿ ಹಾಕಿದೆ. ಮಧ್ಯಾಹ್ನ ಇನ್‌ಚಾರ್ಜ್ ಸಾರ್ ಹಾಳೆ ತರಿಸಿ ನೋಡಿದರು. ಅವರ ಮುಖ ಅರಳಿತು.

"ನೋಡಿ, ಮನಸ್ಸಿದ್ರೆ ಆಗತ್ತೆ! ಎಷ್ಟು ನೀಟಾಗಿದೆ! ಮೋಡದ ದಿನಾನೂ ನಮ್ಮ ಟ್ರೈನಿಗಳು ಅಬ್ಸರ್ವೇಷನ್ ಮಾಡ್ತಾರೆ ಅಂತ ಸಮಿತಿಗೆ ಕೊಡೋ ಬ್ರೋಷರ್ ಮುಖಪುಟಕ್ಕೆ ಇದನ್ನೇ ಹಾಕೋಣ" ಎಂದು ಫೋಟೋ ಹೊಡೆದು ಜಯನಗರದ ಪ್ರೆಸ್ಸಿಗೆ ಅಲ್ಲೇ ಕಳಿಸಿದರು. ಅವರು ನನ್ನನ್ನು ಹೊಗಳುತ್ತಿದ್ದಾಗ ಕಿಟಕಿಯಾಚೆ ಮಳೆ ಸುರಿಯುತ್ತಲೇ ಇತ್ತು. ಅವರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು.

ಮಾರನೆಯ ದಿನ ಒಳ್ಳೆಯ ಬಿಸಿಲು. ಮೇಡಂ ಮದುವೆಯ ಲಾಡು ಡಬ್ಬಿಯಲ್ಲಿ ಹಾಕಿಕೊಂಡು ಬಂದರು. ಆ ದಿನದ ಚಿತ್ರ ತಾವೇ ಬರೆದು, ಸೇರಿಸಲು ರಿಜಿಸ್ಟರು ತೆರೆದರು. ನಾನು ಲಾಡು ಬಾಯಿಗಿಟ್ಟುಕೊಂಡಿದ್ದೆ. ಅವರು ನನ್ನ ಪುಟ ನೋಡಿದರು. ಅದರ ಹಿಂದಿನ ದಿನದ ಹಾಳೆ ತೆಗೆದು ಎಡಕ್ಕಿಟ್ಟರು, ಇವತ್ತಿನದನ್ನು ಬಲಕ್ಕಿಟ್ಟರು.

"ನಿನ್ನೆ ಬಿಸಿಲು ಬಂದಿತ್ತಾ?"

"ಬಂದಿತ್ತು ಮೇಡಂ."

"ಎಷ್ಟು ಹೊತ್ತು?"

"ಒಂದ್ ಹತ್ತು ನಿಮಿಷ."

"ಹಂಗಾದ್ರೆ ಇದು ದೊಡ್ಡ ಸುದ್ದಿ ಕಣವ್ವ. ಪೇಪರ್‌ನೋರಿಗೆ ಫೋನ್ ಮಾಡ್ಬೇಕು." ಅವರ ದನಿಯಲ್ಲಿ ನಗು ಇರಲಿಲ್ಲ. "ಮೊನ್ನೆ ಈ ಗುಂಪು ಬಲಗಡೆ ಅಂಚಲ್ಲಿತ್ತು. ನಿನ್ನೆ ಎಡಗಡೆ ಅಂಚಿಗೆ ಹೋಗಿದೆ. ಹದಿಮೂರು ದಿನದ ದಾರಿ, ಒಂದೇ ದಿನಕ್ಕೆ. ಇವತ್ತು ಮತ್ತೆ ಹಿಂದಕ್ಕೆ ತಿರುಗಿ ಬಲಗಡೆಗೇ ಬಂದಿದೆ. ದಾರೀಲಿ ಸಿಲ್ಕ್ ಬೋರ್ಡ್ ಸಿಗ್ನಲ್ ಟ್ರಾಫಿಕ್ಕು ಅದಕ್ಕೆ ಸಿಗಲಿಲ್ಲ ಅನ್ಸತ್ತೆ."

ಬಾಯಲ್ಲಿದ್ದ ಲಾಡು ನುಂಗಲು ಆಗಲಿಲ್ಲ, ಉಗುಳಲೂ ಆಗಲಿಲ್ಲ. ನನಗೆ ಆಗ ಹೊಳೆಯಿತು. ಬಾಹ್ಯಾಕಾಶದ ಚಿತ್ರ ನೇರ ಚಿತ್ರ, ಅದರಲ್ಲಿ ಪೂರ್ವ ಎಡಕ್ಕೆ. ನಮ್ಮ ಹಾಳೆಯದು ಕನ್ನಡಿ ಬಿಂಬ, ಇದರಲ್ಲಿ ಪೂರ್ವ ಬಲಕ್ಕೆ. ನಾನು ಎಡದ್ದನ್ನು ಎಡಕ್ಕೇ ಇಳಿಸಿದ್ದೆ. ಎರಡು ಸಲ ತಲೆಯಾಡಿಸಿದ ಪಾಠ ಅದು. ನನ್ನ ಪೆನ್ಸಿಲಿನಿಂದ ಸೂರ್ಯ ಒಂದು ದಿನದ ಮಟ್ಟಿಗೆ ಉಲ್ಟಾ ಆಗಿದ್ದ.

"ಮೊಬೈಲ್ ನೋಡಿ ಬರೆದೆ ಮೇಡಂ" ಎಂದೆ. ಅಷ್ಟು ಹೇಳುವಾಗ ಕಿವಿಯೆಲ್ಲ ಬಿಸಿಯಾಗಿ, ಕಣ್ಣಲ್ಲಿ ನೀರು ಬಂತು. ಕಾಲೇಜಿನಲ್ಲಿ ಪ್ರಯೋಗದ ರೀಡಿಂಗುಗಳನ್ನು ಎಷ್ಟೋ ಸಲ ಪಕ್ಕದವರ ಪುಸ್ತಕದಿಂದ ಇಳಿಸಿದ್ದೆ. ಆಗ ಕಿವಿ ಬಿಸಿಯಾಗಿರಲಿಲ್ಲ.

ಮೇಡಂ ಬೈಯುತ್ತಾರೆಂದು ಕಾದೆ. ಅವರು ಗೋಡೆಯ ಕಡೆ ಹೋಗಿ ಒಂದು ಹಳೆಯ ರಿಜಿಸ್ಟರು ತೆಗೆದು, ಪುಟ ಹುಡುಕಿ ನನ್ನ ಮುಂದೆ ಹಿಡಿದರು. ಖಾಲಿ ವೃತ್ತ. ಪಕ್ಕದಲ್ಲಿ "ವೀಕ್ಷಕರು ರಜೆ" ಎಂದಿತ್ತು.

"ಇದು ನನ್ನ ಮದುವೆ ದಿನ. ಆಗ ಬರೆಯೋಕೆ ಇನ್ನೊಬ್ರು ಇರಲಿಲ್ಲ. ಪುಟ ಖಾಲಿ ಇದೆ, ಸೂರ್ಯನಿಗೇನೂ ಆಗಲಿಲ್ಲ. ಮುಂದೆ ಯಾರಾದ್ರೂ ನೋಡಿದ್ರೆ ಅವತ್ತು ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಗತ್ತೆ. ನಿನ್ನ ಪುಟ ನೋಡಿದ್ರೆ ಏನು ಗೊತ್ತಾಗತ್ತೆ?"

ನಾನು ರಬ್ಬರಿಗೆ ಕೈ ಹಾಕಿದೆ.

"ಅಳಿಸಬೇಡ, ಹರಿಯಬೇಡ. ಒಂದೇ ಒಂದು ಗೆರೆ ಹೊಡಿ. ಕೆಳಗಿರೋದು ಓದೋಕೆ ಆಗ್ಬೇಕು. ಪಕ್ಕದಲ್ಲಿ ಏನಾಯ್ತು ಅಂತ ಬರೆದು ಸಹಿ ಹಾಕು."

ಗೆರೆ ಹೊಡೆದೆ. "ಮೋಡ. ನೋಡಿಲ್ಲ. ಮೇಲಿನ ಚಿತ್ರ ಬೇರೆಡೆಯಿಂದ ನಕಲು ಮಾಡಿದ್ದು" ಎಂದು ಬರೆದೆ. ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವಳಿಗೆ ಅಷ್ಟು ಸಣ್ಣ ಸಾಲು ಬರೆಯಲು ಹತ್ತು ನಿಮಿಷ ಬೇಕಾಯಿತು.

ಆಮೇಲೆ ನೆನಪಾದದ್ದು ಬ್ರೋಷರು. ಇಬ್ಬರೂ ಕೆಳಗಿಳಿದು ಇನ್‌ಚಾರ್ಜ್ ಸಾರ್ ಮುಂದೆ ನಿಂತೆವು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಬಹಳ ಹೊತ್ತು ಯೋಚಿಸಿ, ಆಡಳಿತದ ಅನುಭವವೆಲ್ಲ ಒಟ್ಟುಗೂಡಿದ ಒಂದು ಪ್ರಶ್ನೆ ಕೇಳಿದರು.

"ಯಾರಿಗೆ ಗೊತ್ತಾಗತ್ತೆ?"

"ಸೂರ್ಯನ ಬಗ್ಗೆ ಗೊತ್ತಿರೋರಿಗೆ ಗೊತ್ತಾಗತ್ತೆ ಸಾರ್. ಸಮಿತಿಲಿ ಅಂಥೋರೇ ಬರೋದು" ಎಂದರು ಮೇಡಂ.

"ಬೇರೆ ಫೋಟೋ ಹಾಕೋಕೆ ಮೇಲಿಂದ ಮತ್ತೆ ಅಪ್ರೂವಲ್ ಬೇಕು. ಟೈಮಿಲ್ಲ." ಅವರು ಮೇಜಿನ ಮೇಲೆ ಬೆರಳು ಬಡಿದರು. ಇದ್ದಕ್ಕಿದ್ದಂತೆ ಬೆರಳು ನಿಂತಿತು. "ಎಡ ಬಲ ಅದಲುಬದಲಾಗಿದೆ, ಅಷ್ಟೇ ತಾನೆ? ಫೋಟೋ ಫ್ಲಿಪ್ ಮಾಡಿಬಿಟ್ರೆ? ಫ್ಲಿಪ್‌ಗೆ ಅಪ್ರೂವಲ್ ಬೇಡ!"

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಅವರು ಪ್ರೆಸ್ಸಿಗೆ ಫೋನು ಮಾಡಿ ಮುಗಿಸಿದ್ದರು.

"ಚುಕ್ಕೆ ಸರಿ ಹೋಗತ್ತೆ ಸಾರ್," ಎಂದರು ಮೇಡಂ ನಿಧಾನಕ್ಕೆ, "ಆದ್ರೆ ಹಾಳೆ ಮೇಲಿನ ಪೂರ್ವ ಪಶ್ಚಿಮಾನೂ ತಿರುಗತ್ತೆ. ಅಕ್ಷರಾನೂ ಉಲ್ಟಾ ಬರತ್ತೆ."

"ಅಕ್ಷರ ಯಾರು ಓದ್ತಾರೆ ಮೇಡಂ? ಚಿತ್ರ ನೋಡ್ತಾರೆ. ರಿಜಿಸ್ಟರ್ ನಿಮ್ದು, ಅಲ್ಲಿ ನೀವು ಏನು ಬೇಕಾದ್ರೂ ಬರ್ಕೊಳ್ಳಿ. ಬ್ರೋಷರ್ ನಂದು."

ಹೀಗೆ ನಮ್ಮ ಕೇಂದ್ರದಲ್ಲಿ ಸತ್ಯಕ್ಕೊಂದು ವಿಭಾಗ, ಪ್ರಚಾರಕ್ಕೊಂದು ವಿಭಾಗ ಎಂದು ಅಧಿಕಾರ ಹಂಚಿಕೆಯಾಯಿತು.

ಸಮಿತಿ ಬಂದ ದಿನ ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಮೇಡಂ ಗಂಜಿ ಹಾಕಿದ ಇಳಕಲ್ ಸೀರೆ ಉಟ್ಟು ಬೇಗ ಬಂದು ಗುಮ್ಮಟವನ್ನು ತಾವೇ ಗುಡಿಸಿ ಒರೆಸಿದರು. ದೂರದರ್ಶಕದ ಹಿತ್ತಾಳೆಯ ಭಾಗಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದರು. ಗೆರೆ ಹೊಡೆದ ಪುಟ ಇರುವ ರಿಜಿಸ್ಟರನ್ನು ಮರೆಮಾಡಲಿಲ್ಲ, ಮೇಜಿನ ಮೇಲೆ ಎದುರಿಗೇ ಇಟ್ಟರು. ಸಮಿತಿಯವರು ಆ ಪುಟ ತೆರೆದರೆ ಏನು ಹೇಳಬೇಕೆಂದು ಬೆಳಿಗ್ಗೆ ಬಸ್ಸಿನುದ್ದಕ್ಕೂ ಅಭ್ಯಾಸ ಮಾಡಿದ್ದೆ.

ಕೆಳಗೆ ಎ.ಸಿ. ಕೋಣೆಯಲ್ಲಿ ಸಭೆ. ನಾನು ಬ್ರೋಷರು ಹಂಚಲು ಬಾಗಿಲ ಬಳಿ ನಿಂತಿದ್ದೆ. ಮುಖಪುಟದ ತುಂಬಾ ನನ್ನ ಸೂರ್ಯ. ಕೇಂದ್ರದ ಹೆಸರು ಉಲ್ಟಾ, ತಾರೀಕು ಉಲ್ಟಾ, ನನ್ನ ಸಹಿ ಉಲ್ಟಾ. ಕನ್ನಡಿ ಹಿಡಿದರೆ ಮಾತ್ರ ಓದಬಹುದಿತ್ತು. ಸಮಿತಿಯ ಹಿರಿಯ ವಿಜ್ಞಾನಿಯೊಬ್ಬರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಅಕ್ಷರಗಳೆಲ್ಲ ಯಾಕೆ ತಿರುಗಿವೆ?" ಎಂದು ಕೇಳಿದರು.

ಇನ್‌ಚಾರ್ಜ್ ಸಾರ್ ಒಂದು ಕ್ಷಣವೂ ತಡವರಿಸಲಿಲ್ಲ. "ಇದು ಪ್ರೊಜೆಕ್ಷನ್ ವಿಧಾನ ಸಾರ್. ಕನ್ನಡಿ ಬಿಂಬ. ಅದನ್ನೇ ಸಾಂಕೇತಿಕವಾಗಿ ತೋರಿಸಿದೀವಿ."

ಹಿರಿಯರು ಸುಮ್ಮನೆ ತಲೆಯಾಡಿಸಿದರು. ಅವರು ಆಡಿಸಿದ ರೀತಿ ನನಗೆ ತುಂಬಾ ಪರಿಚಿತವಾಗಿತ್ತು. ಪಕ್ಕದವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅದು 'ವಿನೂತನ ವಿನ್ಯಾಸ' ಎಂದಿದ್ದದ್ದು ಆಮೇಲೆ ವರದಿ ಬಂದಾಗ ಗೊತ್ತಾಯಿತು.

ಸ್ಲೈಡುಗಳಾದವು. ಕಪ್ಪುಕುಳಿಗಳು ಬಂದು ಹೋದವು. ಊಟವಾಯಿತು, ಹೋಳಿಗೆ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ನಂತರ ಗುಮ್ಮಟ ನೋಡುವುದೆಂದು ಕಾರ್ಯಕ್ರಮಪಟ್ಟಿಯಲ್ಲಿತ್ತು. ಸಮಿತಿಯವರು ಸುತ್ತುಮೆಟ್ಟಿಲಿನ ಬುಡದವರೆಗೆ ಬಂದು ಮೇಲೆ ನೋಡಿದರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಐದು ಗಂಟೆಯ ವಿಮಾನ. ಆಕಾಶದಲ್ಲಿ ಮೋಡವೂ ಇತ್ತು. "ಮೇಲೆ ಏನಿದೆ?" ಎಂದು ಒಬ್ಬರು ಕೇಳಿದರು. "ಅಬ್ಸರ್ವೇಷನ್ ಅಷ್ಟೇ ಸಾರ್" ಎಂದರು ಇನ್‌ಚಾರ್ಜ್ ಸಾರ್. ಸಮಿತಿ ಕಾರು ಹತ್ತಿತು.

ಮೇಲೆ ಹೋದೆ. ಮೇಡಂ ಹೊಸ ಹಾಳೆ ಸಿಕ್ಕಿಸಿಟ್ಟು, ಎರಡು ಪೆನ್ಸಿಲು ಚೂಪು ಮಾಡಿಟ್ಟು, ಸೀರೆಯ ನೆರಿಗೆ ಮುದುಡದ ಹಾಗೆ ನಿಂತೇ ಇದ್ದರು.

"ಹೊರಟರು ಮೇಡಂ."

"ಕಾರಿನ ಶಬ್ದ ಕೇಳಿಸ್ತು." ಅವರು ಸ್ಟೂಲಿನ ಮೇಲೆ ಕೂತರು. "ಇಷ್ಟು ವರ್ಷದಲ್ಲಿ ನಾಲ್ಕು ಸಮಿತಿ ಬಂದಿದೆ. ಒಂದೂ ಹತ್ತಿಲ್ಲ. ಮೆಟ್ಟಿಲು ಸ್ವಲ್ಪ ಅಗಲ ಮಾಡಿಸಿದ್ರೆ ವಿಜ್ಞಾನಕ್ಕೆ ಒಳ್ಳೇದಾಗ್ತಿತ್ತು."

ನಾನು ನಕ್ಕೆ. ಅವರು ನಗಲಿಲ್ಲ. ಇಳಕಲ್ ಸೀರೆಯ ಸೆರಗನ್ನು ಎಂದಿನಂತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಆ ಸಮಿತಿಯವರನ್ನೆಲ್ಲ ಅಂಗಿಯ ಕಾಲರು ಹಿಡಿದು ಮೇಲಕ್ಕೆ ಎಳೆದು ತರಬೇಕೆನಿಸಿತು. ಪುಟ ತೆರೆದರೆ ಏನು ಗತಿ ಎಂದು ಬೆಳಿಗ್ಗೆ ಹೆದರಿದ್ದವಳೂ ನಾನೇ.

ಮೂರೂವರೆ ಹೊತ್ತಿಗೆ ಮೋಡ ಸೀಳಿ ಬಿಸಿಲು ಬಿತ್ತು. ಬೆಳಿಗ್ಗೆಯ ಚಿತ್ರ ಆಗಿರಲಿಲ್ಲ. ಮೇಡಂ ಗುಮ್ಮಟದ ಕಿಂಡಿ ತಿರುಗಿಸಿ, ಪೆನ್ಸಿಲು ನನ್ನ ಕಡೆ ತಳ್ಳಿ, ತಾವು ಎದ್ದು ಹಿಂದೆ ನಿಂತರು. ಮಧ್ಯಾಹ್ನದ ಗಾಳಿ ಬಿಸಿಯಾಗಿ ಬಿಂಬ ನೀರಿನಲ್ಲಿದ್ದಂತೆ ಅಲುಗುತ್ತಿತ್ತು. ದೊಡ್ಡ ಗುಂಪು ಈಗ ಹಾಳೆಯ ನಡುಭಾಗ ದಾಟಿತ್ತು. ಅದನ್ನು ಬರೆದೆ. ಅದರ ಹಿಂದಿನ ಎರಡು ಸಣ್ಣವನ್ನು ಬರೆದೆ. ಮೇಲ್ಗಡೆ, ಅಂಚಿನ ಹತ್ತಿರ, ಒಂದು ಕಂಡೂ ಕಾಣದ ಬೊಟ್ಟು. ನಾನು ಪೆನ್ಸಿಲು ಎತ್ತಿ ನಿಲ್ಲಿಸಿದೆ.

"ಮೇಡಂ, ಇದು ಚುಕ್ಕೆನಾ, ಹಾಳೆ ಮೇಲಿನ ಧೂಳಾ?"

"ನನ್ನನ್ನ ಯಾಕೆ ಕೇಳ್ತೀಯಾ? ಹಾಳೆ ಒಂಚೂರು ಅಲ್ಲಾಡಿಸಿ ನೋಡು. ಧೂಳಾದ್ರೆ ಹಾಳೆ ಜೊತೆ ಹೋಗತ್ತೆ."

ಹಾಳೆಯ ಅಂಚು ಹಿಡಿದು ಮೆಲ್ಲನೆ ಎಡಕ್ಕೆ ಸರಿಸಿದೆ. ಬೊಟ್ಟು ತನ್ನ ಜಾಗದಲ್ಲೇ ಇತ್ತು. ಹಾಳೆಯ ವೃತ್ತವನ್ನು ಮತ್ತೆ ಬಿಂಬಕ್ಕೆ ಕೂರಿಸಿ, ಆ ಬೊಟ್ಟನ್ನೂ ಬರೆದೆ.